ಕೋಡಿಂಬಾಳದ ಪೆಟ್ಟಿಗೆಯಲ್ಲಿದ್ದ ಆರು ಸಾಲು

ನನ್ನ ಹೆಂಡತಿ ತೀರಿಕೊಂಡ ಮೂರನೆಯ ವಾರದಿಂದ ಒಂದು ತಿಂಗಳಿಗೂ ಹೆಚ್ಚು ಕಾಲ ನಾನು ದಿನಾ ಬೆಳಿಗ್ಗೆ ಎದ್ದು ಮಾಡುತ್ತಿದ್ದ ಮೊದಲ ಕೆಲಸ, ಲ್ಯಾಪ್‌ಟಾಪ್ ತೆರೆದು ಕೋಡಿಂಬಾಳದ ಸ್ವಿಚ್ಚಿನ ಪುಟದಲ್ಲಿ ಒಂದು ಹಳದಿ ಗುರುತು ಇದೆಯೇ ಎಂದು ನೋಡುವುದು. ಇರುತ್ತಿತ್ತು. ಈ ಸ್ವಿಚ್ಚಿನಲ್ಲಿ ಏನೋ ಬದಲಾವಣೆ ಆಗಿದೆ, ಅದನ್ನು ಇನ್ನೂ ಉಳಿಸಿಲ್ಲ ಎಂದು ಆ ಗುರುತಿನ ಅರ್ಥ. ಬದಲಾವಣೆ ಮಾಡಿದವಳು ಅವಳು. ಅದನ್ನು ನೋಡಿ, ಲ್ಯಾಪ್‌ಟಾಪ್ ಮುಚ್ಚಿ, ಹಲ್ಲುಜ್ಜಲು ಹೋಗುತ್ತಿದ್ದೆ.

ನಮ್ಮದು ಸಣ್ಣ ಇಂಟರ್‌ನೆಟ್ ಜಾಲ. ಪುತ್ತೂರಿನಲ್ಲಿ ಒಂದು ಹೊಲಿಗೆ ಅಂಗಡಿಯ ಮೇಲಿನ ಕೋಣೆ ನಮ್ಮ ಆಫೀಸು. ಸುಳ್ಯ, ಆಲಂಕಾರು, ಕಡಬದ ಹತ್ತಿರ ಕೋಡಿಂಬಾಳ, ಈ ಮೂರು ಕಡೆ ಪರಿಚಯದವರ ಜಗಲಿಯ ಗೋಡೆಗೆ ಹೊಡೆದ ಒಂದೊಂದು ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಒಂದು ಸ್ವಿಚ್, ಅಂದರೆ ಬಂದ ನೆಟ್ಟನ್ನು ಬೇರೆ ಬೇರೆ ವಯರುಗಳಿಗೆ ಹಂಚುವ ಯಂತ್ರ, ಮತ್ತು ಒಂದು ಬ್ಯಾಟರಿ. ಅಲ್ಲಿಂದ ಸುತ್ತಲಿನ ಮನೆಗಳಿಗೆ, ಅಂಗಡಿಗಳಿಗೆ ವಯರು. ನಾನು ಐಟಿಐ ಓದಿದವನು. ಕಂಬ ಹತ್ತುವುದು, ಫೈಬರ್ ಎಳೆಯುವುದು, ತುಂಡಾದದ್ದನ್ನು ಜೋಡಿಸುವುದು ನನ್ನ ಪಾಲು. ಅವಳು ಬಿ.ಎಸ್ಸಿ. ಕೋಣೆಯಲ್ಲಿ ಕೂತು ಮೂರು ಊರಿನ ಸ್ವಿಚ್ಚುಗಳನ್ನು ನಡೆಸುವುದು ಅವಳ ಪಾಲು. ನನ್ನ ಮನೆಮಾತು ತುಳು, ಅವಳದ್ದು ಸುಳ್ಯದ ಕಡೆಯ ಅರೆಭಾಷೆ. ಮದುವೆಯಾದ ಹೊಸದರಲ್ಲಿ ಇಬ್ಬರೂ ನಾಚಿಕೆಯಿಂದ ಕನ್ನಡದಲ್ಲಿ ಮಾತನಾಡಿದೆವು. ಮತ್ತೆ ಅದೇ ಉಳಿಯಿತು.

ಸ್ವಿಚ್ಚಿಗೆ ದಾರಿ ಹೇಳಿಕೊಡಬೇಕಾಗುತ್ತದೆ. ಇಂಥ ವಿಳಾಸಕ್ಕೆ ಹೋಗಬೇಕಾದದ್ದು ಬಂದರೆ ಇಂಥ ಕಡೆಗೆ ದಾಟಿಸು ಎಂದು ಒಂದೊಂದು ಸಾಲು ಬರೆದಿಡುವುದು. ದೊಡ್ಡ ಜಾಲಗಳಲ್ಲಿ ಅವೇ ತಮ್ಮೊಳಗೆ ಮಾತನಾಡಿಕೊಂಡು ದಾರಿ ಕಂಡುಕೊಳ್ಳುತ್ತವಂತೆ. ನಮ್ಮದರಲ್ಲಿ ಎಲ್ಲವೂ ಕೈಯಲ್ಲಿ ಬರೆದದ್ದು. ಸ್ಟ್ಯಾಟಿಕ್ ರೂಟ್ ಎನ್ನುತ್ತಾರೆ. ಯಾರಾದರೂ ಬದಲಿಸುವವರೆಗೆ ಆ ಸಾಲು ಹಾಗೆಯೇ ಇರುತ್ತದೆ.

ಬರೆಯಲು ಪೆಟ್ಟಿಗೆಯ ಹತ್ತಿರ ಹೋಗಬೇಕಾಗಿಲ್ಲ. ಎಸ್‌ಎನ್‌ಎಂಪಿ ಎಂಬ ಒಂದು ಕ್ರಮ ಉಂಟು, ಯಾವ ಕಂಪೆನಿಯ ಸ್ವಿಚ್ಚಿಗೂ ಅರ್ಥವಾಗುವಂಥದ್ದು. ಪುತ್ತೂರಿನಲ್ಲಿ ಕೂತು ಕೋಡಿಂಬಾಳದ ಸ್ವಿಚ್ಚನ್ನು ಕೇಳಬಹುದು, ಹೇಳಬಹುದು. ಅದಕ್ಕೆ ಎರಡು ಗುಟ್ಟಿನ ಪದಗಳು. ಒಂದನ್ನು ಕೊಟ್ಟರೆ ಓದಲು ಮಾತ್ರ ಬಿಡುತ್ತದೆ. ಇನ್ನೊಂದನ್ನು ಕೊಟ್ಟರೆ ಬರೆಯಲು ಬಿಡುತ್ತದೆ. ನನ್ನ ಹತ್ತಿರ ಓದುವ ಪದ ಇತ್ತು. ಬರೆಯುವ ಪದ ಅವಳ ತಲೆಯಲ್ಲಿತ್ತು.

ಮೊದಲು ನನಗೂ ಕೊಟ್ಟಿದ್ದಳು. ಅವಳು ಸುಳ್ಯಕ್ಕೆ ಮದುವೆಗೆ ಹೋದ ಒಂದು ದಿನ ನಾನು ಆಲಂಕಾರಿನ ಸ್ವಿಚ್ಚಿನಲ್ಲಿ ಒಂದು ಸಾಲು ಬದಲಿಸಿದೆ. ನಾನು ಯಾವ ದಾರಿಯಲ್ಲಿ ಆ ಸ್ವಿಚ್ಚನ್ನು ಮುಟ್ಟುತ್ತಿದ್ದೆನೋ ಅದೇ ಸಾಲು. ಪುಟ ಅಲ್ಲೇ ನಿಂತುಹೋಯಿತು. ಬೈಕಿನಲ್ಲಿ ಆಲಂಕಾರಿಗೆ ಹೋಗಿ ಸರಿಮಾಡಿ ಬರುವಾಗ ಅವಳು ಮದುವೆ ಊಟ ಮುಗಿಸಿ ಬಂದು ಕೂತಿದ್ದಳು.

"ಕೂತ ಕೊಂಬೆಯನ್ನೇ ಕಡಿದ್ರಲ್ಲ ಮಾರಾಯ್ರೆ. ಕಂಬ ಹತ್ತುವವರಿಗೆ ಇಷ್ಟೂ ಗೊತ್ತಿಲ್ವಾ?"

ಮರುದಿನ ಬರೆಯುವ ಪದವನ್ನು ಬದಲಿಸಿದಳು. "ಇನ್ನು ನಿಮಗೆ ನೋಡುದು ಮಾತ್ರ," ಎಂದಳು.

"ನಿನಗೆ ಜ್ವರ ಬಂದ್ರೆ ಎಂತ ಮಾಡುದು?" ಎಂದು ಕೇಳಿದೆ.

"ಮಲಗಿಕೊಂಡೇ ಮಾಡ್ತೇನೆ. ಬೆರಳಿಗೆ ಜ್ವರ ಬರುದಿಲ್ಲ."

ಅವಳ ಕೆಲಸಕ್ಕೆ ಒಂದು ರೀತಿ ಇತ್ತು. ಸ್ವಿಚ್ಚಿಗೆ ಎರಡು ನೆನಪುಗಳು. ಈಗ ನಡೆಯುತ್ತಿರುವುದು ಒಂದು, ಉಳಿಸಿಟ್ಟದ್ದು ಇನ್ನೊಂದು. ಹೊಸ ಸಾಲು ಬರೆದರೆ ಅದು ಆಗಲೇ ನಡೆಯಲು ಶುರುವಾಗುತ್ತದೆ. ಉಳಿಸು ಎಂದು ಬೇರೆಯಾಗಿ ಹೇಳುವವರೆಗೆ ಅದು ಕರೆಂಟೋ ಬ್ಯಾಟರಿಯೋ ಇರುವಷ್ಟು ಹೊತ್ತು ಮಾತ್ರ. ಅವಳು ಬರೆದ ಕೂಡಲೇ ಉಳಿಸುತ್ತಿರಲಿಲ್ಲ. ಎರಡು ಮೂರು ದಿನ ನೋಡುತ್ತಿದ್ದಳು. ತಪ್ಪಾಗಿದ್ದರೆ ಜಗಲಿಯವರಿಗೆ ಫೋನ್ ಮಾಡಿ, ಒಮ್ಮೆ ಪ್ಲಗ್, ಬ್ಯಾಟರಿ ಎರಡನ್ನೂ ತೆಗೆದು ಹಾಕಿ ಎನ್ನುವುದು. ಸ್ವಿಚ್ ಹಳೆಯ ಸಾಲುಗಳೊಂದಿಗೆ ಎದ್ದು ಕೂರುತ್ತಿತ್ತು. ಯಾರೂ ಗಾಡಿ ಹತ್ತಬೇಕಾಗಿರಲಿಲ್ಲ.

ಕೋಡಿಂಬಾಳಕ್ಕೆ ಮೊದಲು ಸುಳ್ಯದ ಮೇಲಿನಿಂದ ಸುತ್ತು ಬಳಸಿ ಹೋಗುವ ವಯರು. ಈ ವರ್ಷ ನಾನು ಆಲಂಕಾರಿನಿಂದ ನೇರ ಎಳೆದೆ. ಶುಕ್ರವಾರ ಅವಳು ದಾರಿಗಳನ್ನು ತಿರುಗಿಸಿದಳು. ಪುತ್ತೂರಿನದ್ದನ್ನೂ ಆಲಂಕಾರಿನದ್ದನ್ನೂ ಉಳಿಸಿದಳು. ಕೋಡಿಂಬಾಳದ್ದನ್ನು ಹಾಗೆಯೇ ಬಿಟ್ಟಳು.

"ಸೋಮವಾರ ಉಳಿಸ್ತೇನೆ. ಆಮೇಲೆ ನೀವು ಸುಳ್ಯದಿಂದ ಬರುವ ಹಳೇ ವಯರು ಬಿಚ್ಚಿ," ಎಂದಳು.

ಶನಿವಾರ ತಲೆನೋವು ಎಂದು ಮಲಗಿದಳು. ಭಾನುವಾರ ಬೆಳಿಗ್ಗೆ ಮಾತು ತೊದಲಿತು. ಮಂಗಳೂರಿಗೆ ಕರೆದುಕೊಂಡು ಹೋದೆವು. ಮಿದುಳಿನಲ್ಲಿ ರಕ್ತ ಎಂದರು. ಬುಧವಾರ ಹೋದಳು. ಆ ದಿನಗಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಹದಿಮೂರನೆಯ ದಿನ ಬೊಜ್ಜದ ಕಾರ್ಯ, ಊಟ ಆಯಿತು. ನೆಂಟರು ಹೋದರು. ಮರುದಿನ ಬೆಳಿಗ್ಗೆ ನಾನು ಏಣಿ ಕಟ್ಟಿಕೊಂಡು ಹೋಗಿ ಹಳೆಯ ವಯರು ಬಿಚ್ಚಲು ಶುರುಮಾಡಿದೆ. ಪಟ್ಟಿಯಲ್ಲಿ ಮುಂದಿನ ಕೆಲಸ ಅದಾಗಿತ್ತು. ನಾಲ್ಕು ದಿನ ಕಂಬದಿಂದ ಕಂಬಕ್ಕೆ ಬಿಚ್ಚಿ, ಸುತ್ತಿ, ಕೋಣೆಯ ಮೂಲೆಯಲ್ಲಿ ತಂದಿಟ್ಟೆ. ಐದನೆಯ ದಿನ ಲ್ಯಾಪ್‌ಟಾಪ್ ತೆರೆದಾಗ ಹಳದಿ ಗುರುತು ಕಂಡಿತು.

ಸೋಮವಾರ ಉಳಿಸುವುದು, ಆಮೇಲೆ ಬಿಚ್ಚುವುದು. ನಾನು ಎರಡನೆಯದನ್ನು ಮಾತ್ರ ಮಾಡಿದ್ದೆ. ಕೋಡಿಂಬಾಳದ ಸ್ವಿಚ್ಚಿನ ಉಳಿಸಿದ ನೆನಪಿನಲ್ಲಿ ಇರುವುದೆಲ್ಲ ಸುಳ್ಯದ ಕಡೆಗಿನ ದಾರಿ. ಆ ದಾರಿ ಈಗ ಸುತ್ತಿಟ್ಟ ವಯರಾಗಿ ನನ್ನ ಕುರ್ಚಿಯ ಹಿಂದೆ ಇತ್ತು. ಒಮ್ಮೆ ಪ್ಲಗ್, ಬ್ಯಾಟರಿ ಎರಡನ್ನೂ ತೆಗೆದರೆ ಕಡಬದ ಕಡೆಯ ನಮ್ಮ ಮನೆಗಳೆಲ್ಲ ನಿಲ್ಲುತ್ತವೆ.

ಸ್ವಿಚ್ ಮಾರಿದ ಮಂಗಳೂರಿನ ಅಂಗಡಿಯ ಎಂಜಿನಿಯರಿಗೆ ಫೋನ್ ಮಾಡಿದೆ.

"ಬರೆಯುವ ಪದ ಗೊತ್ತಿಲ್ಲಾಂದ್ರೆ ಒಂದೇ ದಾರಿ ಸರ್," ಎಂದ. "ಸಣ್ಣ ಗುಂಡಿ ಉಂಟಲ್ಲ, ಅದನ್ನು ಹತ್ತು ಸೆಕೆಂಡ್ ಒತ್ತಿ ಹಿಡೀರಿ. ಎಲ್ಲ ಅಳಿಸಿಹೋಗ್ತದೆ. ಹೊಸತರ ಹಾಗೆ. ಮತ್ತೆ ಬರೀರಿ. ಒಂದು ಗಂಟೆ ಕೆಲಸ."

"ಈಗ ಇರುದನ್ನು ಹಾಗೇ ಉಳಿಸ್ಲಿಕ್ಕೆ ಆಗುದಿಲ್ವಾ?"

"ಅದಕ್ಕೂ ಬರೆಯುವ ಪದವೇ ಬೇಕು. ನಿಮಗೆ ಓದ್ಲಿಕ್ಕೆ ಆಗ್ತದಲ್ಲ, ಪುಸ್ತಕದಲ್ಲಿ ಇಳಿಸಿಕೊಳ್ಳಿ. ಸಾಲು ಅದೇ ಅಲ್ವಾ ಸರ್?"

"ಅದೇ."

"ಮತ್ತೆಂತ?"

"ಸೋಮವಾರ ಮಾಡ್ತೇನೆ," ಎಂದು ಫೋನ್ ಇಟ್ಟೆ.

ಓದುವ ಪದ ಕೊಟ್ಟು ದಾರಿಗಳ ಪಟ್ಟಿ ತೆರೆದೆ. ಆರು ಸಾಲುಗಳು. ಪ್ರತಿ ಸಾಲಿನ ಕೊನೆಗೆ ಹೆಸರು ಬರೆಯಲು ಸಣ್ಣ ಜಾಗ ಇರುತ್ತದೆ, ನಮ್ಮ ನೆನಪಿಗೆ ಮಾತ್ರ. ಅವಳು ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಮಾತುಗಳನ್ನೇ ಬರೆದಿದ್ದಳು. ಪುತ್ತೂರು. ಸುಳ್ಯ. ಆಲಂಕಾರು. ಹೊರಗೆ, ಅಂದರೆ ಉಳಿದ ಪ್ರಪಂಚ. ಡೈರಿ, ಅಂದರೆ ಹಾಲಿನ ಡಿಪೋ. ಆರನೆಯದಕ್ಕೆ 'ಇವರು' ಎಂದಿತ್ತು.

ಅವಳು ನನ್ನ ಹೆಸರು ಹೇಳುತ್ತಿರಲಿಲ್ಲ. ಅವಳ ಅಮ್ಮನೂ ಗಂಡನ ಹೆಸರು ಹೇಳಿದವರಲ್ಲ. ಯಾರ ಹತ್ತಿರ ಮಾತನಾಡಿದರೂ ಇವರು ಬಂದರು, ಇವರು ಕಂಬದಲ್ಲಿದ್ದಾರೆ. ಬ್ಯಾಂಕಿನ ಕಾಗದಕ್ಕೂ ಹೆಸರು ಬಾಯಿಬಿಟ್ಟು ಹೇಳದೆ ಆಧಾರ್ ಕಾರ್ಡನ್ನು ಮುಂದೆ ಇಟ್ಟವಳು. ಆರನೆಯ ಸಾಲು ಮನೆಯಲ್ಲಿರುವ ನನ್ನ ಲ್ಯಾಪ್‌ಟಾಪಿನ ವಿಳಾಸಕ್ಕೆ. ಮನೆಯ ಲೈನು ಬೇರೆಯಾದ್ದರಿಂದ ಆ ಸಾಲು ಇಲ್ಲದಿದ್ದರೆ ನಾನು ಕೇಳಿದ್ದಕ್ಕೆ ಕೋಡಿಂಬಾಳದ ಉತ್ತರ ಮನೆಗೆ ಬರುವುದಿಲ್ಲ. ಬೆಳಿಗ್ಗೆ ಎದ್ದು ಹಳದಿ ಗುರುತು ನೋಡುತ್ತಿದ್ದದ್ದು ಆ ಸಾಲಿನಿಂದ.

ಆರನ್ನೂ ಪುಸ್ತಕದಲ್ಲಿ ಇಳಿಸಿಕೊಂಡೆ. ಎರಡು ಸಲ ತಾಳೆ ನೋಡಿದೆ. ಎಂಜಿನಿಯರ್ ಹೇಳಿದ್ದು ಸರಿ, ಸಾಲು ಅದೇ. ಆದರೂ ಗುಂಡಿ ಒತ್ತಲು ಕೋಡಿಂಬಾಳಕ್ಕೆ ಹೋಗಲಿಲ್ಲ. ಆ ಸೋಮವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ಅಷ್ಟರಲ್ಲಿ ಮಾರ್ಚ್ ಕೊನೆಗೆ ಬಂತು. ಮಧ್ಯಾಹ್ನ ಸೆಕೆ ಏರಿ, ಸಂಜೆಗೆ ಘಟ್ಟದ ಬುಡದ ಗುಂಡ್ಯದ ಕಡೆ ಕಪ್ಪಾಗತೊಡಗಿತು.

ನಮ್ಮ ಕಡೆ ಗುಡುಗಿದರೆ ಪ್ಲಗ್ ತೆಗೆಯುತ್ತಾರೆ. ಟಿವಿ, ಫ್ರಿಜ್, ಪಂಪು, ಎಲ್ಲದರದ್ದೂ. ಮೊದಲ ಗುಡುಗು ಕೇಳಿದ ಕೂಡಲೇ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಗೋಡೆಯಿಂದ ಗೋಡೆಗೆ ಓಡುತ್ತಾರೆ. ಮೂರು ಪೆಟ್ಟಿಗೆಗಳ ಮನೆಯವರಿಗೂ ಅವಳು ಇದನ್ನೇ ಕಲಿಸಿದ್ದಳು. ಗೋಡೆಯ ಪ್ಲಗ್ ತೆಗೆದು, ಬ್ಯಾಟರಿಯ ಕೆಂಪು ವಯರನ್ನೂ ಕಳಚಬೇಕು. ಒಂದು ವರ್ಷ ಆಲಂಕಾರಿನಲ್ಲಿ ತೆಗೆಯಲು ಮರೆತು ಸಿಡಿಲು ಮನೆಗಳಿಗೆ ಹೋಗುವ ತಾಮ್ರದ ವಯರಿನಲ್ಲಿ ಬಂದು ಸ್ವಿಚ್ ಸುಟ್ಟಿತು, ಪ್ಲಗ್ಗಿನ ದಾರಿಯಾಗಿ ಒಳಗೆ ಹೋಗಿ ಜಗಲಿಯವರ ಟಿವಿಯೂ ಹೋಯಿತು. ಅದಾದ ಮೇಲೆ ಗುಡುಗು ಕೇಳಿದಾಗಲೆಲ್ಲ ಅವಳೇ ಫೋನ್ ಮಾಡುತ್ತಿದ್ದಳು. ಮೊದಲು ಸುಳ್ಯ, ಆಮೇಲೆ ಆಲಂಕಾರು, ಕೊನೆಗೆ ಕೋಡಿಂಬಾಳ. ಗುಂಡ್ಯದಿಂದ ಬರುವ ಗುಡುಗು ಮೊದಲು ಮುಟ್ಟುವುದು ಕೋಡಿಂಬಾಳವನ್ನು. ಹಾಗಿದ್ದೂ ಅದು ಏಕೆ ಕೊನೆಗೆ ಎಂದು ನಾನು ಕೇಳಿರಲಿಲ್ಲ.

ಒಂದು ದಿನ ಕೋಡಿಂಬಾಳಕ್ಕೆ ಹೋದೆ. ಪೆಟ್ಟಿಗೆ ಇರುವುದು ಒಬ್ಬರು ಅಕ್ಕನ ಅಂಗಡಿಯ ಜಗಲಿಯಲ್ಲಿ. ಸೋಡಾ, ಬಾಳೆಹಣ್ಣು, ಸಾಬೂನು ಮಾರುತ್ತಾರೆ. ಅವರ ಗಂಡ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಾರೆ. ನನ್ನ ಹೆಂಡತಿಯನ್ನು ತಂಗಿ ಎನ್ನುತ್ತಿದ್ದ ಕಾರಣ ನಾನು ಅವರಿಗೆ ಭಾವ. ಈ ವರ್ಷ ಪ್ಲಗ್ ತೆಗೆಯಬೇಡಿ ಎಂದು ಹೇಳಲು ಹೋದದ್ದು.

"ಅಕ್ಕಾ, ಗುಡುಗಿದ್ರೆ..." ಎಂದೆ.

"ಗೊತ್ತುಂಟು ಭಾವ, ಗೊತ್ತುಂಟು." ಅವರು ಬಂದು ಪೆಟ್ಟಿಗೆಯ ಬಾಗಿಲು ತೆರೆದು ಬೆರಳು ತೋರಿಸಿದರು. "ಮೊದಲು ಇದು. ಮತ್ತೆ ಈ ಕೆಂಪು ವಯರು. ತಂಗಿ ಹೋದಳು ಅಂತ ನಾನು ಮರೀತೇನಾ? ಇನ್ನು ಫೋನ್ ಬರುದಿಲ್ಲ ಅಂತಲೂ ಗೊತ್ತುಂಟು. ನಾನೇ ತೆಗೀತೇನೆ. ನೀವು ಅದರ ಬಗ್ಗೆ ತಲೆಬಿಸಿ ಮಾಡ್ಬೇಡಿ."

ಅವರ ಬೆರಳ ತುದಿಯ ಹತ್ತಿರ ಹಸಿರು ದೀಪಗಳು ಮಿನುಗುತ್ತಿದ್ದವು. ಕೆಳಗೆ ಆ ಸಣ್ಣ ಗುಂಡಿ. ಲ್ಯಾಪ್‌ಟಾಪನ್ನು ಸ್ವಿಚ್ಚಿಗೆ ಜೋಡಿಸುವ ನೀಲಿ ವಯರೂ ಆರು ಸಾಲು ಇಳಿಸಿಕೊಂಡ ಪುಸ್ತಕವೂ ನನ್ನ ಚೀಲದಲ್ಲೇ ಇದ್ದವು. ಗೋಡೆಯ ಆಚೆ ಅವರ ಟಿವಿ, ಅವರ ಫ್ರಿಜ್, ಫ್ರಿಜ್ಜಿನಲ್ಲಿ ಅಂಗಡಿಯ ಸೋಡಾ.

"ತೆಗೀರಿ ಅಕ್ಕ," ಎಂದೆ. ಅವರು ಕೊಟ್ಟ ಚಾ ಕುಡಿದು ಬಂದೆ.

ಗುಡುಗಿದ್ದು ಅದಾಗಿ ಒಂಬತ್ತನೆಯ ದಿನ, ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ. ಪುತ್ತೂರಿನ ಕೋಣೆಯಲ್ಲಿದ್ದೆ. ಅಲ್ಲಿ ಬಿಸಿಲು ಇನ್ನೂ ಇತ್ತು. ದೂರದಲ್ಲಿ ಒಮ್ಮೆ ಉರುಳಿದ ಹಾಗೆ ಕೇಳಿತು. ಪುಟದಲ್ಲಿ ನಾಲ್ಕು ಊರುಗಳಿಗೆ ನಾಲ್ಕು ಹಸಿರು ಚುಕ್ಕೆಗಳು. ಆಲಂಕಾರು ಹಸಿರಾಗಿರುವಾಗಲೇ ಕೋಡಿಂಬಾಳ ಕೆಂಪಾಯಿತು. ಮೇಜಿನ ಮೇಲೆ ಫೋನ್ ಇತ್ತು. ನಾನು ಮುಟ್ಟಲಿಲ್ಲ. ಹೊಲಿಗೆ ಅಂಗಡಿಯ ಮೆಷಿನುಗಳ ಸದ್ದು ಕೆಳಗಿನಿಂದ ಬರುತ್ತಿತ್ತು. ಅದನ್ನು ಕೇಳುತ್ತಾ ಕೂತೆ. ಅಳು ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ.

ಒಂದು ಗಂಟೆ ಕಳೆಯಿತು. ಚುಕ್ಕೆ ಕೆಂಪಾಗಿಯೇ ಇತ್ತು. ಹಾಲಿನ ಡಿಪೋದವರ ಫೋನ್ ಬಂತು.

"ಎಂತ ಮಾರಾಯ್ರೆ, ಗುಡುಗು ನಿಂತು ಎಷ್ಟೊತ್ತಾಯ್ತು! ನಿಮ್ಮ ನೆಟ್ ಇನ್ನೂ ಹೆದರಿ ಮಂಚದ ಅಡಿಯಲ್ಲಿ ಕೂತದ್ದಾ?"

"ಬರ್ತೇನೆ," ಎಂದೆ. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಬೈಕ್ ಹತ್ತಿದೆ. ಆಲಂಕಾರು ದಾಟಿದ ಮೇಲೆ ರಸ್ತೆ ಒದ್ದೆ ಇತ್ತು.

ಅಕ್ಕ ಜಗಲಿಯಲ್ಲಿ ನಿಂತಿದ್ದರು. ಪೆಟ್ಟಿಗೆಯ ಬಾಗಿಲು ತೆರೆದಿತ್ತು. ದೀಪಗಳೆಲ್ಲ ಉರಿಯುತ್ತಿದ್ದವು.

"ಮೊದಲ ಗುಡುಗಿಗೇ ತೆಗೆದೆ ಭಾವ. ನಿಂತ ಮೇಲೆ ಹಾಕಿದೆ. ಲೈಟ್ ಎಲ್ಲ ಉಂಟು. ನೆಟ್ ಮಾತ್ರ ಇಲ್ಲಾಂತ ಎಲ್ಲರೂ ನನಗೆ ಫೋನ್ ಮಾಡುದು. ನಾನೆಂತ ತಪ್ಪು ಮಾಡಿದ್ದು?"

"ಎಂತ ಇಲ್ಲ ಅಕ್ಕ. ನೀವು ಸರಿಯೇ ಮಾಡಿದ್ದು. ತಪ್ಪು ನಂದು."

"ಹೌದಾ? ಹಾಗಾದ್ರೆ ನಾನು ಬೈಸಿಕೊಂಡದ್ದು ನಿಮ್ಮ ಲೆಕ್ಕದಲ್ಲಿ," ಎಂದರು. ಮುಖ ಸ್ವಲ್ಪ ಸಡಿಲವಾಯಿತು.

ಗುಂಡಿ ಒತ್ತಿ ಹಿಡಿದೆ. ಹತ್ತರವರೆಗೆ ಎಣಿಸಿದೆ. ದೀಪಗಳೆಲ್ಲ ಒಟ್ಟಿಗೆ ಆರಿ, ಒಟ್ಟಿಗೆ ಹೊತ್ತಿದವು. ಈಗ ಅಳಿಸಿದ್ದು ಹಳೆಯ ಸುಳ್ಯದ ದಾರಿಗಳನ್ನು ಮಾತ್ರ. ಶುಕ್ರವಾರದ ಸಾಲುಗಳು ಮೂರು ಗಂಟೆಗೇ ಹೋಗಿದ್ದವು. ನೀಲಿ ವಯರು ಚುಚ್ಚಿ ಲ್ಯಾಪ್‌ಟಾಪನ್ನು ಸೋಡಾ ಕ್ರೇಟಿನ ಮೇಲಿಟ್ಟು ಬರೆಯಲು ಕೂತೆ. ಸ್ವಿಚ್ಚಿನ ವಿಳಾಸ, ಯಾವ ತೂತಿಗೆ ಯಾವ ಮನೆ, ಹೊಸ ಓದುವ ಪದ, ಹೊಸ ಬರೆಯುವ ಪದ. ಎರಡು ಬೆರಳಿನಲ್ಲಿ ಒತ್ತುವವನು ನಾನು. ಅಕ್ಕ ಬಾಗಿ ನೋಡುತ್ತಿದ್ದರು.

"ತಂಗಿ ಮಾಡುವಾಗ ಇಷ್ಟು ಹೊತ್ತು ಬೇಡ ಇತ್ತಲ್ಲ."

"ಅವಳು ಅಲ್ಲಿಂದಲೇ ಮಾಡುದು. ಇಲ್ಲಿಗೆ ಬಂದದ್ದು ಕಡಿಮೆ."

"ಹೌದು, ನಾನು ಅವಳನ್ನು ನೋಡಿದ್ದು ಎರಡೇ ಸಲ. ಪರಿಚಯ ಎಲ್ಲ ಫೋನಲ್ಲೇ." ಅವರು ಸೆರಗಿನಿಂದ ಪೆಟ್ಟಿಗೆಯ ಮೇಲಿನ ನೀರು ಒರಸಿದರು. "ನನಗೆ ಗುಡುಗು ಅಂದ್ರೆ ಚಿಕ್ಕಂದಿನಿಂದ ಹೆದರಿಕೆ ಭಾವ. ಮಳೆ ಬರುವಾಗ ಇವರು ತೋಟದಲ್ಲಿ, ನಾನು ಒಬ್ಬಳೇ. ಅವಳಿಗೆ ಗೊತ್ತಿತ್ತು. ಪ್ಲಗ್ ತೆಗೀರಿ ಅಂತ ಹೇಳಿ ಫೋನ್ ಇಡ್ತಿರ್ಲಿಲ್ಲ. ನಿಲ್ಲುವವರೆಗೆ ಮಾತಾಡುದು. ಗುಡುಗುವಾಗ ಫೋನ್ ಹಿಡೀಬೇಡ ಅಂತ ಇವರು ಬೈತಿದ್ರು. ನಾವು ಕೇಳ್ಬೇಕಲ್ಲ!"

"ಎಂತ ಮಾತಾಡ್ತಿದ್ದಳು?"

"ಎಂತ ಇಲ್ಲ. ಇವತ್ತು ಎಂತ ಸಾರು, ಅವಳ ಸೊಂಟನೋವು. ಇವರು ಕಂಬದಿಂದ ಇಳೀಲಿಲ್ಲ ಇನ್ನೂ, ಗುಡುಗಿದ್ರೂ ಇಳಿಯುದಿಲ್ಲ ಅಂತ ನಿಮಗೆ ಬಯ್ಯುದು."

ಅದಕ್ಕೇ ಕೋಡಿಂಬಾಳ ಕೊನೆಗೆ. ಸುಳ್ಯ, ಆಲಂಕಾರು ಮುಗಿಸಿ, ಪುಟದ ಮುಂದೆ ಕೂತು ಫೋನ್ ಕಿವಿಗಿಟ್ಟುಕೊಂಡಿರುವವಳನ್ನು ನಾನು ಎಷ್ಟೋ ಸಲ ನೋಡಿದ್ದೆ. ಕೆಲಸದ ಮಾತು ಎಂದೇ ತಿಳಿದಿದ್ದೆ.

ಸಾಲುಗಳನ್ನು ಬರೆದೆ. ಪುತ್ತೂರು. ಸುಳ್ಯ. ಆಲಂಕಾರು. ಹೊರಗೆ. ಡೈರಿ. ಹೆಸರಿನ ಜಾಗದಲ್ಲಿ ಅವಳು ಬರೆದದ್ದನ್ನೇ ಬರೆದೆ. ಆರನೆಯದರ ವಿಳಾಸ, ದಾರಿ ಎರಡನ್ನೂ ಹಾಕಿದೆ. ಹೆಸರಿನ ಜಾಗಕ್ಕೆ ಬಂದಾಗ ಪುಸ್ತಕ ನೋಡಿದೆ. ಅದು ಅವಳು ನನ್ನನ್ನು ಕರೆಯುವ ಪದ. ನಾನೇ ಬರೆದುಕೊಳ್ಳುವಂಥದ್ದಲ್ಲ. ಅಲ್ಲಿ ಏನೂ ಬರೆಯಲಿಲ್ಲ. ಹೆಸರಿನ ಜಾಗ ಖಾಲಿ ಇದ್ದರೂ ಸಾಲು ಕೆಲಸ ಮಾಡುತ್ತದೆ.

ಹಳದಿ ಗುರುತು ಬಂತು. ಅದನ್ನು ಸ್ವಲ್ಪ ಹೊತ್ತು ನೋಡಿದೆ. ಅಕ್ಕನ ಫೋನ್ ಒಳಗಿನಿಂದ ಟಿಂಗ್ ಟಿಂಗ್ ಎಂದು ಒಂದರ ಹಿಂದೆ ಒಂದು ಸದ್ದು ಮಾಡತೊಡಗಿತು.

"ಬಂತು ಭಾವ, ನೆಟ್ ಬಂತು!"

ಎರಡು ಮೂರು ದಿನ ನೋಡಿ ಉಳಿಸುವುದು ಅವಳ ಕ್ರಮ. ನಾನು ಕಾಯಲಿಲ್ಲ. ಉಳಿಸು ಎಂದು ಒತ್ತಿದೆ. ಗುರುತು ಹೋಯಿತು. ಬರೆಯುವ ಪದವನ್ನು ಒಂದು ಚೀಟಿಯಲ್ಲಿ ಬರೆದು ಅಕ್ಕನಿಗೆ ಕೊಟ್ಟೆ, ಪೆಟ್ಟಿಗೆಯ ಹೊರಗೆ ಎಲ್ಲಾದರೂ ಇಡಿ ಎಂದೆ. ಅವರು ಅದನ್ನು ಮಡಚಿ ದೇವರ ಪಟದ ಹಿಂದೆ ಸಿಕ್ಕಿಸಿದರು.

"ಇನ್ನು ಗುಡುಗಿದ್ರೆ ತೆಗೀಲಾ, ಬೇಡ್ವಾ?" ಎಂದು ಕೇಳಿದರು.

"ತೆಗೀರಿ. ನಾನು ಫೋನ್ ಮಾಡ್ತೇನೆ."

ಮುಂದಿನ ಗುಡುಗು ಬಂದದ್ದು ಗುರುವಾರ, ನಾಲ್ಕು ಗಂಟೆಗೆ. ಸುಳ್ಯಕ್ಕೆ ಫೋನ್ ಮಾಡಿದೆ. ಆಲಂಕಾರಿಗೆ ಮಾಡಿದೆ. ಆಮೇಲೆ ಕೋಡಿಂಬಾಳಕ್ಕೆ.

"ತೆಗೆದಾಯ್ತು ಭಾವ," ಎಂದರು ಅಕ್ಕ. ಹಿಂದಿನಿಂದ ಗುಡುಗು ನನಗೂ ಕೇಳಿಸಿತು.

ನಾನು ಫೋನ್ ಇಡಲಿಲ್ಲ. ಅವರೂ ಇಡಲಿಲ್ಲ.

"ಮತ್ತೆಂತ?" ಎಂದರು.

"ಇವತ್ತು ಎಂತ ಸಾರು?" ಎಂದು ಕೇಳಿದೆ.

"ಬಸಳೆ," ಎಂದರು. ಬಸಳೆ ಚಪ್ಪರ ಗಾಳಿಗೆ ಬಿದ್ದದ್ದು, ಅದನ್ನು ಎತ್ತಿ ಕಟ್ಟಲು ಅವರ ಗಂಡನಿಗೆ ಪುರುಸೊತ್ತಿಲ್ಲದ್ದು, ಎಲ್ಲ ಹೇಳಿದರು. ನಾನು ಹೂಂ ಎನ್ನುತ್ತಿದ್ದೆ. ಪುಟದಲ್ಲಿ ಮೂರೂ ಊರು ಕೆಂಪಾಗಿತ್ತು. ಇಪ್ಪತ್ತು ನಿಮಿಷದ ಮೇಲೆ ಸುಳ್ಯ ಹಸಿರಾಯಿತು, ಆಮೇಲೆ ಆಲಂಕಾರು.

"ನಿಂತಿತು ಭಾವ. ಹಾಕ್ಲಾ?"

"ಹಾಕಿ."

ಸ್ವಿಚ್ ಏಳಲು ಎರಡು ನಿಮಿಷ ಬೇಕು. ಅಲ್ಲಿಯವರೆಗೆ ಇಬ್ಬರೂ ಫೋನ್ ಹಿಡಿದುಕೊಂಡೇ ಇದ್ದೆವು.